ಗಿಲೀಟಕ್ಕನ ಬಲ ಮಂಡಿ

ಬೆಳಿಗ್ಗೆ ಎದ್ದ ಕೂಡಲೇ ಗಿಲೀಟಕ್ಕ ತನಿಖೆಗೆ ಇಳಿಯುತ್ತಾಳೆ. ಮಂಚದ ಅಂಚಿಗೆ ಕೂತು, ಎರಡೂ ಕಾಲು ನೆಲಕ್ಕೆ ಇಳಿಬಿಟ್ಟು, ಕೈಯ ಹಿಂಬದಿಯನ್ನು ಮೊದಲು ಎಡ ಮಂಡಿಗೆ ಒತ್ತುತ್ತಾಳೆ, ಆಮೇಲೆ ಬಲಕ್ಕೆ. ಎಡದ್ದು ಹುಟ್ಟಿದಾಗಿನಿಂದ ಜೊತೆಗಿರುವ ಮಂಡಿ. ಸವೆದಿದೆ, ಏಳುವಾಗ ಲಟಕ್ ಅನ್ನುತ್ತದೆ, ಆದರೆ ತಣ್ಣಗಿರುತ್ತದೆ. ಬಲದ್ದು ಎಂಟು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಕೂರಿಸಿದ ಲೋಹದ ಮಂಡಿ. ಅದು ಬಿಸಿ. ಸುಡುವಷ್ಟಲ್ಲ. ಕುಡಿದಿಟ್ಟ ಚಹಾ ಲೋಟದ ಹೊರಮೈ ಇರುತ್ತದಲ್ಲ, ಅಷ್ಟು.

"ಅಮ್ಮ, ಥರ್ಮಾಮೀಟರ್ ತಂದುಕೊಡ್ಲಾ?" ಎಂದು ಹೊಲಿಗೆ ಯಂತ್ರದ ಮುಂದಿನಿಂದ ಮಗಳು ಕೇಳುತ್ತಾಳೆ.

"ಥರ್ಮಾಮೀಟರ್ ಅವರದ್ದು. ಕೈ ನನ್ನದು."

ಅವರು ಅಂದರೆ ಯಾರು ಎಂದು ಮಗಳು ಕೇಳುವುದಿಲ್ಲ. ಅಮ್ಮನ 'ಅವರು' ದೊಡ್ಡ ಗುಂಪು. ಮೂಳೆ ಡಾಕ್ಟರು, ಕೌಂಟರಿನಲ್ಲಿ ಚೀಟಿ ಹರಿದುಕೊಡುವವಳು, ಎಕ್ಸ್‌ರೇ ಕೋಣೆಯಲ್ಲಿ 'ಉಸಿರು ಬಿಗಿಹಿಡೀರಿ' ಅನ್ನುವವನು, ಟಿವಿಯಲ್ಲಿ ನೋವಿನೆಣ್ಣೆ ಮಾರುವ ಮುದುಕ, ಎಲ್ಲರೂ ಅದರಲ್ಲಿದ್ದಾರೆ. ಕೆಲವು ದಿನ ಮಗಳೂ ಇರುತ್ತಾಳೆ.

ಗಿಲೀಟಕ್ಕ ಎಂಬುದು ಮನೆಯವರು ಇಟ್ಟ ಹೆಸರಲ್ಲ, ಕಾರ್ಖಾನೆ ಕೊಟ್ಟದ್ದು. ಬಚ್ಚಲಮನೆಯ ನಲ್ಲಿಗಳಿಗೆ ಗಿಲೀಟು, ಅಂದರೆ ಲೋಹದ ಮೆರುಗು, ಹಾಕುವ ಕಾರ್ಖಾನೆಯಲ್ಲಿ ಅವಳು ಇಪ್ಪತ್ತೊಂಬತ್ತು ವರ್ಷ ದುಡಿದವಳು. ಪಾಲಿಶ್ ಚಕ್ರಕ್ಕೆ ಒತ್ತಿ ನುಣುಪು ಮಾಡಿದ ಹಿತ್ತಾಳೆ ನಲ್ಲಿಗಳನ್ನು ಕೊಂಡಿಗಳಿಗೆ ಸಿಕ್ಕಿಸಬೇಕು. ಜಿಡ್ಡು ಕಳೆಯುವ ನೀರಿಗೆ ಅದ್ದಬೇಕು, ಆಸಿಡ್ಡಿಗೆ ಒಮ್ಮೆ ತೋರಿಸಬೇಕು, ಆಮೇಲೆ ನಿಕ್ಕಲ್ ತೊಟ್ಟಿಗೆ ಇಳಿಸಬೇಕು. ಆ ತೊಟ್ಟಿಯ ನೀರು ಪಾಚಿಗಟ್ಟಿದ ಕೆರೆಗಿಂತ ಹಸಿರು. ಅಲ್ಲಿಂದ ಎತ್ತಿದ ನಲ್ಲಿಗೆ ಕೊನೆಗೆ ಕ್ರೋಮಿನ ತೆಳು ಹೊದಿಕೆ. ಜನಕ್ಕೆ ಕಾಣುವುದು ಆ ಹೊದಿಕೆ ಮಾತ್ರ. ಅದರಡಿ ನಿಕ್ಕಲ್ ಇದೆ, ನಿಕ್ಕಲ್ಲಿನಡಿ ಹೆಂಗಸರ ಕೈ ಇದೆ ಎಂದು ಯಾರೂ ಯೋಚಿಸುವುದಿಲ್ಲ. "ನಿಮ್ಮ ಬಚ್ಚಲಲ್ಲಿ ಮುಖ ಕಾಣೋ ಅಂಥ ನಲ್ಲಿ ಇದ್ರೆ, ನನ್ನ ಚರ್ಮಾನೂ ಒಂಚೂರು ಅಲ್ಲಿರಬೇಕು, ಹುಡುಕಿ" ಎಂದು ಗಿಲೀಟಕ್ಕ ಸಭೆಗಳಲ್ಲಿ ಹೇಳುತ್ತಿದ್ದಳು. ಜನ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಹಸಿರು ನೀರಿನ ಪಕ್ಕ ನಿಂತವರಲ್ಲಿ ಕೆಲವರಿಗೆ ಬೆರಳ ಸಂದಿಯಲ್ಲಿ ನವೆ ಏಳುತ್ತಿತ್ತು. ಮೊದಲು ಸಣ್ಣ ಗುಳ್ಳೆ, ಆಮೇಲೆ ಒಡೆದು ರಸಿಕೆ, ಆಮೇಲೆ ಒಣಗಿ ಹಕ್ಕಳೆ. ಹೆಂಗಸರು ಅದಕ್ಕೆ ತೊಟ್ಟಿಕಜ್ಜಿ ಎನ್ನುತ್ತಿದ್ದರು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ತಿಳಿಯಲು ಅವರೇ ಒಂದು ಉಪಾಯ ಕಂಡುಕೊಂಡಿದ್ದರು. ಹೊಸದಾಗಿ ಸೇರಿದವಳ ಮುಂಗೈ ಒಳಭಾಗಕ್ಕೆ ನಿಕ್ಕಲ್ ಮಾತ್ರ ಏರಿದ, ಕ್ರೋಮ್ ಇನ್ನೂ ಏರದ ಒಂದು ವಾಷರನ್ನು ಒದ್ದೆ ಬಟ್ಟೆಯಲ್ಲಿ ಎರಡು ದಿನ ಬಿಗಿದು ಕಟ್ಟುವುದು. ಬಿಚ್ಚಿದಾಗ ಅಡಿಯಲ್ಲಿ ದುಂಡಗೆ ಕೆಂಪು ಎದ್ದಿದ್ದರೆ ಅವಳನ್ನು ಸದ್ದಿಲ್ಲದೆ ಪ್ಯಾಕಿಂಗಿಗೆ ತಳ್ಳಿ, ಅಲ್ಲಿಂದ ಒಬ್ಬಳನ್ನು ತೊಟ್ಟಿಗೆ ಎಳೆದುಕೊಳ್ಳುತ್ತಿದ್ದರು. ಸೂಪರ್‌ವೈಸರನಿಗೆ ಇದರ ಗಾಳಿಯೂ ಸೋಕುತ್ತಿರಲಿಲ್ಲ.

ಗಿಲೀಟಕ್ಕನ ಮುಂಗೈ ಮೊದಲು ಸ್ವಚ್ಛವಾಗಿತ್ತು. ಅವಳಿಗೆ ಕಜ್ಜಿ ಹತ್ತಿದ್ದು ಐದನೇ ವರ್ಷ. ಆಗ ಅವಳು ಕಾರ್ಮಿಕ ಸಂಘದ ಮುಂದಾಳು. ತೊಟ್ಟಿ ಬಿಟ್ಟು ಕದಲಲಿಲ್ಲ. ಕೈಗೆ ಎಣ್ಣೆ ಹಚ್ಚಿ, ಅದರ ಮೇಲೆ ಗ್ಲೌಸು ಏರಿಸಿ, ಹಲ್ಲು ಕಚ್ಚಿ ನಿಂತಳು.

ಈಗ ಹೇಳುವ ಮಾತು ಮುಖ್ಯ. ಕಂಪನಿಯ ಡಾಕ್ಟರು ವರ್ಷಕ್ಕೊಮ್ಮೆ ಒಂದು ಫಾರಂ ಹಿಡಿದು ಬರುತ್ತಿದ್ದರು. ಚರ್ಮದ ತೊಂದರೆ ಇದೆಯಾ, ಇಲ್ಲವಾ? ಒಂದು ವರ್ಷ ಏಳು ಮಂದಿ ಹೆಂಗಸರು ನಂಬಿ 'ಇದೆ' ಅಂದರು. ಮುಲಾಮು ಕೊಡುತ್ತಾರೆ ಅಂದುಕೊಂಡಿದ್ದರು. ಮುಂದಿನ ವಾರ ಏಳೂ ಜನರನ್ನು 'ಆರೋಗ್ಯದ ಹಿತದೃಷ್ಟಿಯಿಂದ' ಮನೆಗೆ ಕಳಿಸಲಾಯಿತು. ಪಾಲಿಶ್ ಚಕ್ರದಲ್ಲಿದ್ದ ನಾನೂ ಸೇರಿ ಸಂಘದವರೆಲ್ಲ ಗೇಟಿನ ಮುಂದೆ ನಲವತ್ತೊಂದು ದಿನ ಕೂತೆವು. ಸೋತೆವು. ಆಮೇಲೆ ಸಂಘ ಒಂದು ನಿರ್ಣಯ ಮಾಡಿತು: ಇನ್ನು ಮುಂದೆ ಯಾವ ಕಾಗದದ ಮೇಲೂ, ಯಾವ ಡಾಕ್ಟರ ಮುಂದೂ ಕಜ್ಜಿ ಎಂಬ ಮಾತು ಬರಕೂಡದು. ಆ ನಿರ್ಣಯ ಸಂಘದ ಯಾವ ಪುಸ್ತಕದಲ್ಲೂ ಇಲ್ಲ, ಬರೆದಿಡುವಂಥದ್ದಲ್ಲ. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಆವತ್ತಿಗೆ ಅದು ಸರಿಯೇ ಇತ್ತು.

ತಾಲೀಮು ಕೊಡುವ ಹೊಣೆ ಗಿಲೀಟಕ್ಕನದು. ಡಾಕ್ಟರು ಬರುವ ಹಿಂದಿನ ದಿನ ಸೈಕಲ್ ಸ್ಟ್ಯಾಂಡಿನ ಹಿಂದೆ ಹೆಂಗಸರನ್ನು ಸಾಲು ನಿಲ್ಲಿಸಿ ಅವಳೇ ಡಾಕ್ಟರಾಗುತ್ತಿದ್ದಳು.

"ಕೈಯಲ್ಲಿ ನವೆ—"

"ಇಲ್ಲ ಸಾರ್!"

"ತಡ ಆಯ್ತು. ಪ್ರಶ್ನೆ ಮುಗಿಯೋಕೆ ಮುಂಚೆ ಉತ್ತರ ಬರಬೇಕು. ಯೋಚನೆ ಮಾಡ್ತಾ ನಿಂತ್ರೆ ಅವನಿಗೆ ಅನುಮಾನ ಬರುತ್ತೆ. ಇನ್ನೊಂದ್ಸಲ."

ಹೀಗೆ ಇಪ್ಪತ್ತು ಚಿಲ್ಲರೆ ವರ್ಷ ನಡೆಯಿತು. ಆ ಫಾರಮುಗಳಲ್ಲಿ ನಮ್ಮ ಹೆಂಗಸರಷ್ಟು ಆರೋಗ್ಯವಂತರು ಭೂಮಿಯ ಮೇಲೆ ಇರಲಿಲ್ಲ.

ಮಂಡಿಯ ಕಥೆಗೆ ಬರೋಣ. ಆಪರೇಷನ್ ಆದ ಮೊದಲ ಮೂರು ತಿಂಗಳು ಎಲ್ಲ ಸರಿ ಇತ್ತು. ವ್ಯಾಯಾಮ ಹೇಳಿಕೊಡುವ ಹುಡುಗಿ 'ಭೇಷ್' ಎಂದಳು. ಗಿಲೀಟಕ್ಕ ಕೋಲು ಬಿಟ್ಟಳು. ಐದನೇ ತಿಂಗಳು ಬಸ್ಸಿನಿಂದ ಇಳಿಯುವಾಗ ಮಂಡಿ ಬಿಗಿಯಿತು. ಸಂಜೆ ಊದಿಕೊಂಡಿತು. ಬೆಳಗಾದರೆ ಇಳಿಯುವುದು, ಸಂಜೆಗೆ ಮತ್ತೆ ಊದುವುದು. ಕೋಲು ಮೂಲೆಯಿಂದ ಎದ್ದು ಬಂದು ಕೈಗೆ ಸೇರಿತು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದರು. "ನೋಡಿ, ಎಷ್ಟು ಚೆನ್ನಾಗಿ ಕೂತಿದೆ."

"ಕೂತಿರೋದು ಅದು ಸಾರ್. ಏಳೋಕಾಗದೇ ಇರೋದು ನಾನು."

ಡಾಕ್ಟರು ನಕ್ಕು ಮಾತ್ರೆ ಬರೆದರು. ಆ ನಗು ಅವಳಿಗೆ ಹಿಡಿಸಲಿಲ್ಲ. ಮನೆಗೆ ಬಂದು ಒಂದೊಂದೇ ಎಳೆ ಬಿಚ್ಚತೊಡಗಿದಳು. ಆಪರೇಷನ್ನಿನ ಬೆಳಿಗ್ಗೆ ತನ್ನನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಹೋಗುವಾಗ ಕಾರಿಡಾರಿನಲ್ಲಿ ಟೈ ಕಟ್ಟಿದ ಒಬ್ಬ ಆಸಾಮಿ ನಿಂತಿದ್ದ. ಕಾಲ ಬಳಿ ದೊಡ್ಡ ಸೂಟ್‌ಕೇಸು. ಡಾಕ್ಟರಲ್ಲ, ರೋಗಿಯ ಕಡೆಯವನೂ ಅಲ್ಲ. ಎಲ್ಲರಿಗೂ ನಮಸ್ಕಾರ ಹೊಡೆಯುತ್ತಿದ್ದ.

"ಅವನ್ಯಾಕೆ ಅಲ್ಲಿದ್ದ?"

"ಮಂಡಿ ಮಾಡೋ ಕಂಪನಿಯವನಂತೆ ಅಮ್ಮ. ಸಾಮಾನು ತಂದುಕೊಡ್ತಾರಂತೆ, ಯಾವ ಸೈಜು ಬೇಕಾದ್ರೂ ಇರಲಿ ಅಂತ."

"ಸೈಜು ಮುಗಿದಿದ್ರೆ? ಇದ್ದಿದ್ದನ್ನೇ ತುರುಕಿದ್ರೆ? ನಮ್ಮಲ್ಲಿ ಮುಕ್ಕಾಲು ಇಂಚಿನ ನಲ್ಲಿ ಖಾಲಿಯಾದ್ರೆ ಏನ್ ಮಾಡ್ತಿದ್ರು ಗೊತ್ತಾ?"

"ಅಮ್ಮ, ನಿನ್ನ ಕಾಲು ನಲ್ಲಿ ಅಲ್ಲ."

"ನಲ್ಲಿಗೆ ಗ್ಯಾರಂಟಿ ಕಾರ್ಡಾದ್ರೂ ಇತ್ತು."

ಈ ದಿನಗಳಲ್ಲೇ ಅತ್ತಿಗೆ ಬಂದು ಹೋಗುತ್ತಿದ್ದಳು. ಗಿಲೀಟಕ್ಕನ ಅಣ್ಣನ ಹೆಂಡತಿ. ಎರಡನೇ ನಂಬರ್ ತೊಟ್ಟಿಯಲ್ಲಿ ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ನಿಂತು ದುಡಿದವಳು. ಅವಳ ಎರಡೂ ಮಂಡಿ ಹೋಗಿವೆ. ನಡೆದರೆ ದೋಣಿ ಓಲಾಡಿದ ಹಾಗೆ ಕಾಣುತ್ತದೆ. ಅವಳಿಗೂ ಅದೇ ಆಸ್ಪತ್ರೆ, ಅದೇ ಡಾಕ್ಟರು ಮುಂದಿನ ತಿಂಗಳು ಹನ್ನೆರಡನೇ ತಾರೀಖು ಕೊಟ್ಟಿದ್ದರು. ತಾರೀಖಿಗಾಗಿ ಅವಳು ಆರು ತಿಂಗಳು ಕಾದಿದ್ದಳು.

"ನಿಂದು ಹೇಗಿದೆ, ನಿಜ ಹೇಳು" ಎಂದು ಅತ್ತಿಗೆ ಕೋಲಿನ ಕಡೆ ನೋಡಿ ಕೇಳಿದಳು.

"ಚೆನ್ನಾಗಿದೆ. ಕೋಲು ನಾಯಿಗೆ."

"ನಿಮ್ಮ ಬೀದೀಲಿ ನಾಯಿನೇ ಇಲ್ವಲ್ಲೇ."

"ಕೋಲು ನೋಡಿ ಓಡಿಹೋದ್ವು."

ಯಾಕೆ ಹಾಗಂದಳು? ಹೆದರಿಸಬಾರದೆಂದೇ? ಸೋತೆ ಎಂದು ಒಪ್ಪಿಕೊಳ್ಳುವುದು ಕಷ್ಟವೆಂದೇ? ಎರಡೂ ಇರಬಹುದು. ಆಸ್ಪತ್ರೆಯ ಮೇಲೆ ಅನುಮಾನ ಮೊದಲು ಗಟ್ಟಿಯಾಗಲಿ, ಆಮೇಲೆ ಬಾಯಿ ಬಿಡೋಣ ಎಂದು ಅವಳು ಕಾಯುತ್ತಿದ್ದಳು. ಪುರಾವೆ ಕೈಗೆ ಬರದೆ ಆಪಾದನೆ ಮಾಡಬಾರದು ಎಂಬುದು ಸಂಘದ ಪಾಠ.

ಪುರಾವೆ ಏಳನೇ ತಿಂಗಳು ಸಿಕ್ಕಿತು. ಮಂಡಿಯ ಮೇಲಿನ ಉದ್ದ ಹೊಲಿಗೆಯ ಪಕ್ಕದಲ್ಲಿ, ಹೊರಬದಿಗೆ, ಅಂಗೈ ಅಗಲದಷ್ಟು ಚರ್ಮ ಕೆಂಪಾಯಿತು. ನವೆ ಎದ್ದಿತು. ಬೆಳಕಿಗೆ ಕಾಲು ಚಾಚಿ, ಕನ್ನಡಕ ಏರಿಸಿ ನೋಡಿದಳು. ಸಣ್ಣ ಗುಳ್ಳೆಗಳು, ಒತ್ತೊತ್ತಾಗಿ. ಮೂವತ್ತು ವರ್ಷ ಬೆರಳ ಸಂದಿಯಲ್ಲಿ ನೋಡಿದ ಮುಖ ಮಂಡಿಯ ಮೇಲೆ ಕಂಡರೆ ಗುರುತು ಸಿಗದೆ ಇರುತ್ತದೆಯೇ?

"ತೊಟ್ಟಿಕಜ್ಜಿ" ಎಂದಳು. "ಇವರು ನನ್ನ ಕಾಲೊಳಗೆ ತೊಟ್ಟಿ ಕಟ್ಟಿದ್ದಾರೆ."

ಮಗಳ ಗುಂಡಿ ಡಬ್ಬಿಯ ತಳದಲ್ಲಿ ಕಾರ್ಖಾನೆಯ ಕಾಲದ ನಾಲ್ಕಾರು ವಾಷರುಗಳಿದ್ದವು, ಕ್ರೋಮ್ ಏರದವು, ಹಳದಿ ಛಾಯೆಯ ಬಿಳುಪು. ಒಂದನ್ನು ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಎಡ ಮುಂಗೈಗೆ ಬಿಗಿದಳು. ಮೊದಲನೇ ದಿನ ಸಂಜೆಗೇ ಕೆರೆತ ಶುರುವಾಯಿತು. ಎರಡನೇ ದಿನ ಬಿಚ್ಚಿದರೆ ಬಳೆಗುರುತಿನಂತೆ ದುಂಡು ಕೆಂಪು, ಸುತ್ತ ಗುಳ್ಳೆ.

ಕಳ್ಳ ಸಿಕ್ಕಿಬಿದ್ದ. ಗಿಲೀಟಕ್ಕನಿಗೆ ಎಷ್ಟೋ ವಾರದ ಮೇಲೆ ಹಸಿವಾಯಿತು. ಎರಡು ಲೋಟ ಚಹಾ ಕುಡಿದು, ಗೇಟಿನ ಮುಂದೆ ಧರಣಿಗೆ ಹೊರಡುವಾಗಿನ ಗತ್ತಿನಲ್ಲಿ ಸೀರೆಯ ಸೆರಗು ಸಿಕ್ಕಿಸಿ, ವಾಷರನ್ನು ಕಾಗದದಲ್ಲಿ ಸುತ್ತಿಕೊಂಡು ಮಗಳನ್ನು ಎಬ್ಬಿಸಿದಳು. "ನಡಿ. ಇವತ್ತು ಪ್ರಶ್ನೆ ನಾವು ಕೇಳ್ತೀವಿ, ಉತ್ತರ ಅವರು ಹೇಳ್ತಾರೆ."

ಮೂಳೆ ಡಾಕ್ಟರು ಮುಂಗೈ ನೋಡಿದರು, ಮಂಡಿ ನೋಡಿದರು, ವಾಷರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ನಗಲಿಲ್ಲ.

"ನನ್ನ ಮಂಡಿಯೊಳಗೆ ಏನಿಟ್ಟಿದ್ದೀರಿ ಸಾರ್?"

"ಮೇಲಿನ ಭಾಗ ಕೋಬಾಲ್ಟ್, ಕ್ರೋಮಿಯಂ ಸೇರಿದ ಲೋಹ. ಮಧ್ಯೆ ಪ್ಲಾಸ್ಟಿಕ್. ನಿಕ್ಕಲ್ ಸ್ವಲ್ಪ ಇರುತ್ತೆ. ತುಂಬ ಸ್ವಲ್ಪ, ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ."

"ನಮ್ಮ ಕೈ ಮೇಲೆ ಸಿಡೀತಿದ್ದಿದ್ದೂ ಸ್ವಲ್ಪಾನೇ. ಒಂದು ಮಾತು ಕೇಳಬಾರದಿತ್ತಾ? ಅಮ್ಮ, ನಿಂಗೆ ಲೋಹ ಆಗುತ್ತಾ ಅಂತ? ಯಾರೂ ಕೇಳ್ಲಿಲ್ಲ. ಕುರಿ ಥರ ಮಲಗಿಸಿ ಕೊಯ್ದ್ರಿ."

"ಕೇಳಿರ್ತಾರೆ. ಎಲ್ಲರಿಗೂ ಕೇಳ್ತೀವಿ."

"ತೋರಿಸಿ."

ಡಾಕ್ಟರು ಫೈಲು ತರಲು ಕೆಳಗೆ ಹೇಳಿಕಳಿಸಿದರು. ಅಷ್ಟರಲ್ಲಿ ಇನ್ನೊಂದು ಮಾತು ಹೇಳಿದರು. "ನಿಮ್ಮ ವಾಷರ್ ಏನೇ ಹೇಳ್ಲಿ, ಮೊದಲು ನಾನು ಒಳಗೆ ಸೋಂಕು ಇಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಬಿಸಿ, ಊತ ಅಂದ್ರೆ ಮೊದಲ ಅನುಮಾನ ಅದರ ಮೇಲೇ. ಮಂಡಿಯಿಂದ ಸೂಜಿ ಹಾಕಿ ನೀರು ತೆಗೀತೀವಿ. ರಕ್ತಾನೂ ನೋಡ್ತೀವಿ."

ಅನುಮಾನ ಎಂಬ ಮಾತು ಡಾಕ್ಟರ ಬಾಯಲ್ಲಿ ಬಂದದ್ದು ಗಿಲೀಟಕ್ಕನಿಗೆ ಒಂದಿಷ್ಟು ಸಮಾಧಾನ ಕೊಟ್ಟಿತು. ಒಪ್ಪಿದಳು.

ಪಕ್ಕದ ಸಣ್ಣ ಕೋಣೆಯಲ್ಲಿ ಮಂಚದ ಮೇಲೆ ಕೂರಿಸಿದರು. ನರ್ಸು ರಟ್ಟಿಗೆ ಸಿಕ್ಕಿಸಿದ ಹಾಳೆ ಹಿಡಿದು ಬಂದಳು. ತಲೆ ಎತ್ತದೆ ಓದತೊಡಗಿದಳು.

"ಸಕ್ಕರೆ ಕಾಯಿಲೆ?"

"ಇಲ್ಲ."

"ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ?"

"ಇಲ್ಲ."

"ಔಷಧಿ, ಲೋಹ, ಏನಾದ್ರೂ ತಾಗಿ ಚರ್ಮಕ್ಕೆ ನವೆ—"

"ಇಲ್ಲ."

ನರ್ಸು ಗುರುತು ಹಾಕಿ ಹಾಳೆ ಮಗುಚಿದಳು.

ಮಗಳು ಅಮ್ಮನನ್ನು ನೋಡುತ್ತಿದ್ದಳು. ಅಮ್ಮನ ಎಡ ಮುಂಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಅದರ ಮೇಲೆ ದುಂಡು ಕೆಂಪು, ಸುತ್ತ ಗುಳ್ಳೆ. ಪಕ್ಕದಲ್ಲಿ ಕಾಗದದೊಳಗೆ ವಾಷರ್.

"ಅಮ್ಮ."

"ಏನೇ?"

"ಈಗ ನೀನೇನಂದೆ?"

ಗಿಲೀಟಕ್ಕ ಮಗಳ ಮುಖ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. ಕಂಪನಿಯ ಡಾಕ್ಟರ ಮುಂದೆ, ಮ್ಯಾನೇಜರನ ಮುಂದೆ, ಪೊಲೀಸರ ಮುಂದೆ ಉತ್ತರಕ್ಕೆ ತಡವರಿಸದ ಹೆಂಗಸು ಆ ಎಳೆಯ ನರ್ಸಿನ ಮುಂದೆ ಸೆರಗೆಳೆದು ಮುಂಗೈ ಮುಚ್ಚಿಕೊಂಡಳು.

ಫೈಲು ಬಂದದ್ದು ಆಮೇಲೆ. ಎಂಟು ತಿಂಗಳ ಹಿಂದಿನ ಹಾಳೆ, ಹದಿನಾಲ್ಕನೇ ಪ್ರಶ್ನೆ: ಲೋಹ, ಒಡವೆ, ಗಡಿಯಾರ ತಾಗಿ ಚರ್ಮದಲ್ಲಿ ನವೆ ಅಥವಾ ಗುಳ್ಳೆ ಆಗಿದೆಯೇ? ಎದುರಿಗೆ: ಇಲ್ಲ. ಅಕ್ಷರ ಮಗಳದು. ಸಹಿ ಅಮ್ಮನದು. ಸಂಘದ ಸಾವಿರ ಅರ್ಜಿಗಳ ಮೇಲೆ ಹಾಕಿದ ಅದೇ ಸಹಿ, ಕೆಳಗೆ ಎರಡು ಗೆರೆ.

"ಅವತ್ತೂ ಹೀಗೇ" ಎಂದಳು ಮಗಳು ಮೆಲ್ಲಗೆ. "ನರ್ಸು ಕೇಳಿ ಮುಗಿಸೋಕೆ ಬಿಡ್ಲಿಲ್ಲ ನೀನು. ಪಟಪಟ ಇಲ್ಲ ಇಲ್ಲ ಅಂದೆ, ನಾನು ಬರ್ಕೊಂಡೆ. ಕಾರ್ಖಾನೇಲಿ ಕಜ್ಜಿ ಇತ್ತು ಅಂತ ನಂಗೇನ್ ಗೊತ್ತು? ಮನೇಲಿ ಯಾವತ್ತೂ ಹೇಳಿರ್ಲಿಲ್ಲವಲ್ಲ. ಸೋಪಿಗೆ ಕೈ ಒಡೆದಿದೆ ಅಂತಿದ್ದೆ."

ನಿಜ. ನಿರ್ಣಯ ಮನೆಗೂ ಅನ್ವಯವಾಗುತ್ತಿತ್ತು. ಮಕ್ಕಳ ಬಾಯಿಯಿಂದ ಮಾತು ಹೊರಬಿದ್ದೀತು ಎಂಬ ಹೆದರಿಕೆ.

ಡಾಕ್ಟರು ಗೆದ್ದ ಮುಖ ಮಾಡಲಿಲ್ಲ. "ನೀವು ಇದೆ ಅಂದಿದ್ರೆ ನಾನು ಮೊದಲೇ ಚರ್ಮದ ಡಾಕ್ಟರ ಹತ್ರ ಕಳಿಸ್ತಿದ್ದೆ. ಬಹುಶಃ ಬೇರೆ ಲೋಹದ್ದು ಹಾಕ್ತಿದ್ದೆ. ಆದ್ರೆ ಹಾಗೆ ಮಾಡಿದ್ರೆ ಈ ನೋವು ಬರ್ತಾನೇ ಇರ್ಲಿಲ್ಲ ಅಂತ ನಾನು ಹೇಳಲ್ಲ."

ಮಂಡಿಯಿಂದ ಒಂದು ಸಿರಿಂಜಿನಷ್ಟು ಹಳದಿ ನೀರು ತೆಗೆದರು. ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: "ನನ್ನ ಹತ್ರಾನೂ ಹೀಗೆ ಇಲ್ಲ ಅಂದಿದ್ದೀಯಾ?"

"ಯಾವುದಕ್ಕೆ?"

"ಅದನ್ನೇ ಕೇಳ್ತಿರೋದು."



ಸೋಂಕಿನ ಪರೀಕ್ಷೆ ಸ್ವಚ್ಛವಾಗಿ ಬಂತು. ಲೋಹ ಸಡಿಲವಾಗಿಲ್ಲ. ಆಮೇಲೆ ಚರ್ಮದ ಡಾಕ್ಟರು, ಗಡಸು ದನಿಯ ಹೆಂಗಸು, ಬೆನ್ನ ಮೇಲೆ ಸಾಲಾಗಿ, ಒಂದೊಂದರಲ್ಲೂ ಒಂದೊಂದು ಲೋಹದ ಅಂಶ ಸವರಿದ ಚಿಕ್ಕ ಪಟ್ಟಿಗಳನ್ನು ಅಂಟಿಸಿದರು. "ವಾಷರ್ ಮನೇಲಿರ್ಲಿ. ಮತ್ತೆ ಕಟ್ಕೊಂಡು ಬಂದ್ರೆ ನಾನು ನೋಡಲ್ಲ." ಎರಡು ದಿನ ಸ್ನಾನವಿಲ್ಲ. ಪಟ್ಟಿ ಬಿಚ್ಚಿದ ಮೇಲೂ ಮತ್ತೆ ಎರಡು ದಿನ ಬಿಟ್ಟು ಬಾ ಎಂದರು. ನಿಕ್ಕಲ್ ಅಂಟಿಸಿದ ಜಾಗ ಉಬ್ಬಿ ನಿಂತಿತ್ತು.

ಫಲಿತಾಂಶ ಹಿಡಿದು ಹೋದರೆ ಮೂಳೆ ಡಾಕ್ಟರು ಮತ್ತೆ ಕೈಗೆ ಸಿಗದಂಥ ಮಾತೇ ಆಡಿದರು. "ಇದು ಚರ್ಮ ಹೇಳೋ ಸಾಕ್ಷಿ. ಮಂಡಿಯೊಳಗೂ ಅದೇ ನಡೀತಿದೆ ಅಂತ ಇದರಿಂದ ಗೊತ್ತಾಗಲ್ಲ. ಬೆನ್ನಲ್ಲಿ ಉಬ್ಬಿ, ಮಂಡಿಗೆ ಏನೂ ಆಗದವರಿದ್ದಾರೆ. ಬೆನ್ನಲ್ಲಿ ಏನೂ ಇಲ್ಲದೆ ಮಂಡಿ ನೋಯೋರೂ ಇದ್ದಾರೆ. ಬಿಚ್ಚಿ ಬೇರೆ ಹಾಕಬಹುದು. ಅದು ದೊಡ್ಡ ಆಪರೇಷನ್, ಮೂಳೆ ಇನ್ನಷ್ಟು ಹೋಗುತ್ತೆ. ನೋವು ಹೋಗೇ ಹೋಗುತ್ತೆ ಅಂತ ಬರೆದುಕೊಡಲ್ಲ."

"ನಿಮ್ಮ ತಾಯಿ ಆಗಿದ್ರೆ?"

"ವರ್ಷ ತುಂಬೋವರೆಗೂ ಕಾಯಿ ಅಂತಿದ್ದೆ. ಇನ್ನೊಬ್ಬ ಡಾಕ್ಟರಿಗೂ ತೋರಿಸು ಅಂತಿದ್ದೆ."

ಗಿಲೀಟಕ್ಕ ಈ ಮಾತನ್ನೂ ತಿರುಗಿಸಿ ಮುರುಗಿಸಿ ನೋಡಿದಳು. ಬರೆದುಕೊಡಲ್ಲ ಅನ್ನುವವನನ್ನು ನಂಬಬೇಕೋ, ಅವನ ಮೇಲೆ ಹೆಚ್ಚು ಕಣ್ಣಿಡಬೇಕೋ? ತನ್ನ ಮಂಡಿಯ ಲೇಬಲ್ಲಿನ ನಕಲು, ಪರೀಕ್ಷೆಗಳ ನಕಲು, ಹದಿನಾಲ್ಕನೇ ಪ್ರಶ್ನೆಯ ಹಾಳೆಯ ನಕಲು, ಎಲ್ಲ ಬೇಕು ಎಂದು ಕೂತಳು. ಕೊಟ್ಟರು. ವರ್ಷ ತುಂಬಲು ನಾಲ್ಕು ತಿಂಗಳೂ ಇರಲಿಲ್ಲ. ಅಲ್ಲಿಯವರೆಗೆ ಮುಲಾಮು, ವ್ಯಾಯಾಮ, ಬೆಳಗಿನ ತನಿಖೆ. ಅಷ್ಟಾದರೂ ಊತ ಇಳಿಯದಿದ್ದರೆ ಬೇರೆ ಆಸ್ಪತ್ರೆಗೆ ಹೋಗಿ ಬಿಚ್ಚಿಸುವ ಮಾತು. ಇದನ್ನು ಅವಳು ತಾನೇ ತೀರ್ಮಾನಿಸಿದಳು.

ಆದರೆ ತನ್ನ ಮಂಡಿಗಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿದ್ದದ್ದು ಹನ್ನೆರಡನೇ ತಾರೀಖು. ಅದಕ್ಕೆ ಇನ್ನು ಆರೇ ದಿನ. ಅತ್ತಿಗೆ ತಾಲೀಮಿನ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು. ಇಡೀ ಕಾರ್ಖಾನೆಯಲ್ಲಿ ಅವಳಷ್ಟು ಬೇಗ 'ಇಲ್ಲ' ಅನ್ನುವವರು ಇನ್ನೊಬ್ಬರಿರಲಿಲ್ಲ.

ಅಣ್ಣನ ಮನೆ ಮಹಡಿಯ ಮೇಲೆ. ಹದಿನಾಲ್ಕು ಮೆಟ್ಟಿಲು. ಗಿಲೀಟಕ್ಕ ಒಂದೊಂದು ಮೆಟ್ಟಿಲಿಗೂ ಎಡಗಾಲು ಮೊದಲಿಟ್ಟು, ಬಲಗಾಲನ್ನು ಮೇಲಕ್ಕೆಳೆದುಕೊಂಡು ಹತ್ತಿದಳು. ಬಾಗಿಲಲ್ಲಿ ಆಸ್ಪತ್ರೆಗೆ ಕಟ್ಟಿಟ್ಟ ಚೀಲ: ಟವೆಲು, ಹೊಸ ಚಪ್ಪಲಿ, ಬಾಚಣಿಗೆ.

"ಅತ್ತಿಗೆ, ಅಲ್ಲಿ ಒಂದು ಪ್ರಶ್ನೆ ಕೇಳ್ತಾರೆ. ನವೆ ಇತ್ತು ಅಂತ ಹೇಳ್ಬೇಕು ನೀನು."

ಅತ್ತಿಗೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಯಾರಾದ್ರೂ ನಿಂಗೇನಾದ್ರೂ ಕುಡಿಸಿದ್ರಾ? ಬರೆಸಿದ್ರೆ ತಾರೀಖು ಹೋಗುತ್ತೆ. ಆರು ತಿಂಗಳು ಕಾದಿದ್ದೀನಿ."

"ಹೋಗಲಿ."

"ಹೋಗಲಿ ಅಂತೀಯಾ! ಕಾಗದದ ಮೇಲೆ ಕಜ್ಜಿ ಬರೆಸಿದವರು ಏನಾದ್ರು ಅಂತ ನೀನೇ ಅಲ್ವೇನೇ ತೋರಿಸಿದ್ದು? ಏಳು ಜನಾನೂ ನಂಗೆ ನೆನಪಿದ್ದಾರೆ. ನಂಗೆ ಇಪ್ಪತ್ತು ವರ್ಷ ಬಾಯಿಪಾಠ ಮಾಡಿಸಿದವಳು ನೀನು." ಕಣ್ಣು ಕಿರಿದು ಮಾಡಿ ಕೇಳಿದಳು: "ನಿಂದು ಚೆನ್ನಾಗಾಯ್ತು. ನಂದು ಮಾತ್ರ ಯಾಕೆ ತಡೀತಿದ್ದೀಯ?"

"ನಂದು ಚೆನ್ನಾಗಿಲ್ಲ."

"ಏನು?"

"ಚೆನ್ನಾಗಿದೆ ಅಂದಿದ್ದು ಸುಳ್ಳು. ನಾಯಿನೂ ಸುಳ್ಳು." ಗಿಲೀಟಕ್ಕ ಸೀರೆ ಮಂಡಿಯವರೆಗೆ ಎತ್ತಿ ಕಾಲು ಚಾಚಿದಳು. "ಮುಟ್ಟು."

ಅತ್ತಿಗೆ ಬಗ್ಗಲಾರದೆ ಬಗ್ಗಿ, ಕೈಯ ಹಿಂಬದಿಯಿಂದ ಮೊದಲು ಎಡ ಮುಟ್ಟಿದಳು, ಆಮೇಲೆ ಬಲ. ಕೆಂಪು ಚರ್ಮವನ್ನು ಹತ್ತಿರದಿಂದ ನೋಡಿದಳು. ಅವಳಿಗೂ ಆ ಮುಖದ ಗುರುತು ಸಿಕ್ಕಿತು.

"ಇದು ಅದೇ."

"ಅದೇ ಹೌದೋ, ಅಲ್ವೋ. ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ. ಆದ್ರೆ ಅವರು ಕೇಳಿದ್ರು. ಮೊದಲೇ ಕೇಳಿದ್ರು. ನಾನು ಇಲ್ಲ ಅಂದೆ. ನಿನ್ನ ಕೈಗೂ ಮೂರು ಸಲ ಬಂದಿತ್ತು, ನಾನೇ ಎಣ್ಣೆ ಹಚ್ಚಿದ್ದೀನಿ."

"ನಿಂಗೆ ಎಂಟು ತಿಂಗಳಾಯ್ತು. ಈಗ ಬಂದು ಹೇಳ್ತೀಯ."

"ಹೌದು."

ಅತ್ತಿಗೆ ಅವಳಿಗೆ ಚಹಾ ಕೊಡಲಿಲ್ಲ. ಮೆಟ್ಟಿಲಿಳಿಯುವಾಗ ಮೇಲಿನಿಂದ ಕೂಗಿದಳು: "ನಾಳೆ ಹತ್ತು ಗಂಟೆಗೆ ಕಾಗದಪತ್ರಕ್ಕೆ ಕರೆದಿದ್ದಾರೆ. ನೀನು ಬರ್ಬೇಡ!"

ಗಿಲೀಟಕ್ಕ ಒಂಬತ್ತೂವರೆಗೆ ಅಲ್ಲಿದ್ದಳು.

ಅದೇ ಸಣ್ಣ ಕೋಣೆ, ಅದೇ ನರ್ಸು, ರಟ್ಟಿಗೆ ಸಿಕ್ಕಿಸಿದ ಹಾಳೆ. ಅತ್ತಿಗೆ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಗಿಲೀಟಕ್ಕ ಬಾಗಿಲಿಗೆ ಒರಗಿ ನಿಂತಳು. ಅತ್ತಿಗೆ ಅವಳನ್ನು ನೋಡಿಯೂ ನೋಡದ ಹಾಗಿದ್ದಳು. ಸಕ್ಕರೆ, ಇಲ್ಲ. ಬಿಪಿ, ಇದೆ, ಮಾತ್ರೆ ನುಂಗ್ತೀನಿ. ಉಬ್ಬಸ, ಇಲ್ಲ. ಹದಿಮೂರು ದಾಟಿತು.

"ಲೋಹ, ಒಡವೆ, ಗಡಿಯಾರ ತಾಗಿ—"

"ಇಲ್—"

ಕೋಲು ನೆಲಕ್ಕೆ ಬಿತ್ತು. ಬಿತ್ತೋ, ಕುಟ್ಟಿದಳೋ, ಕಾರಿಡಾರಿನವರೆಲ್ಲ ತಿರುಗಿ ನೋಡಿದರು.

"ಸಿಸ್ಟರ್" ಎಂದಳು ಗಿಲೀಟಕ್ಕ. "ಅದನ್ನ ಮೊದಲಿಂದ ಕೇಳಿ. ಪೂರ್ತಿ ಕೇಳಿ. ನಿಧಾನಕ್ಕೆ."

ನರ್ಸು ಒಬ್ಬಳಿಂದ ಇನ್ನೊಬ್ಬಳ ಕಡೆ ನೋಡಿದಳು. ಮತ್ತೆ ಮೊದಲಿಂದ ಓದಿದಳು, ನವೆ ಅಥವಾ ಗುಳ್ಳೆ ಆಗಿದೆಯೇ ಎಂಬ ಕೊನೆಯ ಮಾತಿನವರೆಗೆ. ಓದಿ ಕಾದಳು. ಆ ಕಾಯುವಿಕೆ ಅತ್ತಿಗೆಗೆ ಹೊಸದು. ಯಾವ ಡಾಕ್ಟರೂ ಉತ್ತರಕ್ಕೆ ಅಷ್ಟು ಹೊತ್ತು ಕಾಯುವಂತೆ ಅವಳು ಯಾವತ್ತೂ ಬಿಟ್ಟಿರಲಿಲ್ಲ.

"ಕೈಗೆ" ಎಂದಳು ಕೊನೆಗೆ, ಯಾರನ್ನೋ ಬೈಯುವ ದನಿಯಲ್ಲಿ. "ನಿಕ್ಕಲ್ ತೊಟ್ಟಿ. ಇಪ್ಪತ್ತೆರಡು ವರ್ಷ. ಮೂರು ಸಲ ಬಂದಿತ್ತು. ಬರ್ಕೊಳಮ್ಮ."

"ಇದೆ ಅಂತ ಹಾಕ್ತೀನಿ."

"ಅಷ್ಟೇ ಅಲ್ಲ. ತೊಟ್ಟಿ ಅಂತ ಬರಿ. ವರ್ಷ ಬರಿ."

"ಇಷ್ಟು ಬರಿಯೋಕೆ ಜಾಗ ಇಲ್ಲ ಅಮ್ಮ."

"ಪಕ್ಕದಲ್ಲಿ ಬರಿ" ಎಂದರು ಇಬ್ಬರೂ ಒಟ್ಟಿಗೆ.

ಹನ್ನೆರಡನೇ ತಾರೀಖು ಹೋಯಿತು. ಚರ್ಮದ ಡಾಕ್ಟರ ಪಟ್ಟಿ ಪರೀಕ್ಷೆ ಆಗುವವರೆಗೆ ಬೇರೆ ದಿನವಿಲ್ಲ ಎಂದು ಕೌಂಟರಿನವಳು ಚೀಟಿ ಹರಿದುಕೊಟ್ಟಳು. ಅತ್ತಿಗೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಗಿಲೀಟಕ್ಕನ ಕೈಗೆ ತುರುಕಿದಳು. "ತಗೋ. ಇನ್ನು ಎರಡು ತಿಂಗಳು ನಾನು ಬಚ್ಚಲಿಗೆ ಹೋಗ್ಬೇಕಾದಾಗೆಲ್ಲ ನೀನೇ ಬಂದು ಎತ್ತು."

ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಲಿಫ್ಟಿನ ಬಾಗಿಲು ತೆರೆದು ಟೈ ಕಟ್ಟಿದ ಆಸಾಮಿ ಹೊರಬಂದ, ಕೈಯಲ್ಲಿ ದೊಡ್ಡ ಸೂಟ್‌ಕೇಸು. ದಾರಿಯುದ್ದಕ್ಕೂ ಎಲ್ಲರಿಗೂ ನಮಸ್ಕಾರ ಹೊಡೆಯುತ್ತಾ ಬಂದ. ಗಿಲೀಟಕ್ಕ ಕೋಲನ್ನು ಅಡ್ಡ ಚಾಚಿದಳು.

"ಒಳಗೇನಿದೆ?"

"ಅಮ್ಮ, ಅದು ಆಪರೇಷನ್ ಸಾಮಾನು. ಇಲ್ಲಿ ತೆಗೆಯೋ ಹಾಗಿಲ್ಲ."

"ತೆಗೀಬೇಡ. ಏನೇನು ಲೋಹ ಇದೆ ಅಂತ ಲೇಬಲ್ ಇರುತ್ತಲ್ಲ, ಅದನ್ನ ಓದು."

ಆಸಾಮಿ ಗಡಿಯಾರ ನೋಡಿದ, ಕೋಲು ನೋಡಿದ, ಸಹಾಯಕ್ಕೆ ಅತ್ತಿಗೆಯ ಮುಖ ನೋಡಿದ.

"ಓದಪ್ಪ" ಎಂದಳು ಅತ್ತಿಗೆ, ಬೆಂಚಿನ ಮೇಲೆ ಒಂಚೂರು ಸರಿದು ಅವನಿಗೆ ಕೂರಲು ಜಾಗ ಮಾಡುತ್ತಾ. "ಜೋರಾಗಿ ಓದು. ನಂಗೂ ಕೇಳಿಸ್ಬೇಕು."